ಕಾಕಟೂ ಕೊಕ್ಕಿನಲ್ಲಿದ್ದ ಎಲೆ

ಸೀಬೆ ಮರಕ್ಕೆ ಬಂದ ಗಿಳಿಯನ್ನು ನೀವು ಗಮನಿಸಿರಬಹುದು. ಒಂದು ಕಾಲಿನಲ್ಲಿ ಕೊಂಬೆ ಹಿಡಿದು, ಇನ್ನೊಂದರಲ್ಲಿ ತಿನಿಸನ್ನು ಎತ್ತಿ ಕೊಕ್ಕಿಗೆ ಒಯ್ಯುತ್ತದೆ. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವ ಅದರ ಪಾದ ಇಕ್ಕಳದಂತೆ. ಮೇಲ್ಕೊಕ್ಕೂ ತಲೆಬುರುಡೆಗೆ ಕೀಲಿನಂತೆ ಸೇರಿ ಅಲುಗಾಡಬಲ್ಲದು. ಇಂಥ ಹಕ್ಕಿ ಹೊರಗಿನ ವಸ್ತುವನ್ನೂ ಉಪಕರಣವಾಗಿ ಬಳಸಬಲ್ಲದೇ?

1857ರಲ್ಲಿ ನಿಸರ್ಗ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ ನ್ಯೂಗಿನಿ ಸಮೀಪದ ಆರು ದ್ವೀಪಗಳಿಗೆ ಹೋದರು. ('ಆರು' ಎಂಬುದು ಹೆಸರು, ಸಂಖ್ಯೆಯಲ್ಲ!) ಅಲ್ಲಿನ ದೊಡ್ಡ ಕಪ್ಪು ಕಾಕಟೂ ಗಿಳಿಗಳ ಬಳಗದ್ದೇ. ಅದಕ್ಕೆ ಕನಾರಿ ಮರದ ಬೀಜವೆಂದರೆ ಪ್ರಾಣ. ಆದರೆ ಬೀಜದ ಚಿಪ್ಪು ನುಣುಪು; ಒಡೆಯಲು ಭಾರಿ ಸುತ್ತಿಗೆಯೇ ಬೇಕು. ಹಕ್ಕಿ ಮಾಡುತ್ತಿದ್ದುದೇನು ಗೊತ್ತೇ? ಮೊದಲು ಕೆಳಕೊಕ್ಕನ್ನು ಗರಗಸದಂತೆ ಆಡಿಸಿ ಚಿಪ್ಪಿನಲ್ಲಿ ಒಂದು ಗಾಡಿ ಕೊರೆಯುತ್ತಿತ್ತು. ಆಮೇಲೆ ಬೀಜವನ್ನು ಕಾಲಿನಲ್ಲಿ ಹಿಡಿದು, ಎಲೆಯೊಂದರ ತುಂಡು ಕಚ್ಚಿ, ಅದನ್ನು ಮೇಲ್ಕೊಕ್ಕಿನ ಕಚ್ಚಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಎಲೆಯ ಒತ್ತಿಗೆ ಬೀಜ ಜಾರುತ್ತಿರಲಿಲ್ಲ. ಒಂದೇ ಅದುಮಿಗೆ ಚಿಪ್ಪಿನ ಚೂರು ಹಾರುತ್ತಿತ್ತು. ತಿರುಳನ್ನು ಚೂಪು ಕೊಕ್ಕಿನಿಂದ ಕೆದಕಿ ತಿನ್ನುತ್ತಿತ್ತು.

1869ರಲ್ಲಿ ಪ್ರಕಟವಾದ 'ದಿ ಮಲಯ್ ಆರ್ಕಿಪೆಲಾಗೊ' ಪುಸ್ತಕದಲ್ಲಿ ವ್ಯಾಲೇಸ್ ಇದನ್ನೆಲ್ಲ ವಿವರವಾಗಿ ಬರೆದರು. ಆದರೆ ಅವರ ಮನಸ್ಸು ಕೊಕ್ಕಿನ ಮೇಲಿತ್ತು. ಆ ವಿಚಿತ್ರ ಕೊಕ್ಕಿನ ಪ್ರತಿಯೊಂದು ಅಂಶಕ್ಕೂ ಉಪಯೋಗವಿದೆ ಎಂದು ತೋರಿಸುವುದು ಅವರ ಉದ್ದೇಶ. ಎಲೆ ಅಲ್ಲಿ ಬರಿಯ ವಿವರವಾಗಿ ಉಳಿಯಿತು. ಕ್ಯಾಮೆರಾ ಹಿಂದೆ ನಿಂತು ದುಡಿಯುವ ನನಗೆ ಇದು ಹೊಸದೇನಲ್ಲ. ಚಿತ್ರದಲ್ಲಿ ಇರುವುದೇ ಬೇರೆ, ನಾವು ನೋಡುವುದೇ ಬೇರೆ.

1949ರಲ್ಲಿ ಕೂಡ ಕೆನೆತ್ ಓಕ್ಲಿ ತಮ್ಮ ಪುಸ್ತಕಕ್ಕೆ ಇಟ್ಟ ಹೆಸರು 'ಮ್ಯಾನ್ ದಿ ಟೂಲ್-ಮೇಕರ್'. ಉಪಕರಣ ಮನುಷ್ಯನ ಸೊತ್ತು! 1960ರಲ್ಲಿ ಜೇನ್ ಗುಡಾಲ್ ಆಫ್ರಿಕದ ಗೊಂಬೆಯಲ್ಲಿ ಗೆದ್ದಲು ಹಿಡಿಯಲು ಕಡ್ಡಿ ಬಳಸುವ ಚಿಂಪಾಂಜಿಗಳನ್ನು ಕಂಡ ಮೇಲೆ ಆ ನಂಬಿಕೆ ಅಲುಗಿತು. ವ್ಯಾಲೇಸರ ಕಾಕಟೂ ಅಷ್ಟರಲ್ಲಿ 91 ವರ್ಷಗಳಿಂದ ಅಚ್ಚಿನಲ್ಲಿತ್ತು.

ಗಿಳಿಗಳ ಸರದಿ ತಡವಾಗಿ ಬಂತು. 2012ರಲ್ಲಿ ಆಸ್ಟ್ರಿಯದ ಸಂಶೋಧಕರು ಫಿಗಾರೊ ಎಂಬ ಸಾಕಿದ ಗಾಫಿನ್ ಕಾಕಟೂವಿನ ವರದಿ ಪ್ರಕಟಿಸಿದರು. ಜಾಲರಿಯ ಆಚೆ ಗೋಡಂಬಿ ಇಟ್ಟರೆ, ಅದು ಮರದ ತೊಲೆಯಿಂದ ಸೀಳು ಕಿತ್ತು, ಅದರಿಂದಲೇ ಬೀಜವನ್ನು ಈಚೆಗೆ ಎಳೆದುಕೊಂಡಿತು. ಯಾರೂ ಕಲಿಸಿರಲಿಲ್ಲ. ಈ ಜಾತಿಯ ತವರು ಇಂಡೊನೇಷ್ಯದ ತನಿಂಬಾರ್ ದ್ವೀಪಗಳು. ಅಲ್ಲಿನ ಕಾಡಿನಿಂದ ಹಿಡಿದ ಹಕ್ಕಿಗಳ ಮೇಲಿನ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ಹಣ್ಣಿನ ಗಟ್ಟಿ ಓಟೆ ತೆರೆಯಲು ಅವು ದಪ್ಪ, ಸಣ್ಣ, ನಡುವಣ ಗಾತ್ರದ ಕಡ್ಡಿಗಳನ್ನು ತಾವೇ ತಯಾರಿಸಿಕೊಂಡವು: ಒಂದು ಬಿರುಕು ಅಗಲಿಸಲು, ಒಂದು ಒಳಸಿಪ್ಪೆ ಸೀಳಲು, ಒಂದು ತಿರುಳು ತೋಡಲು. ಎಲ್ಲ ಹಕ್ಕಿಗಳೂ ಅಲ್ಲ, ಕೆಲವು ಮಾತ್ರ. ಉಳಿದವಕ್ಕೂ ಅದೇ ಕೊಕ್ಕು, ಅದೇ ಪಾದ.