ಗಳಿಗೆ ಬಟ್ಟಲಿನಿಂದ ಕೋಟಿ ಬೆಲೆಯ ಕೈಗಡಿಯಾರದವರೆಗೆ: ಕಾಲ, ಬೆಲೆ ಮತ್ತು ಪರಿಗ್ರಹ

ವಸ್ತುಗಳ ಇತಿಹಾಸದಲ್ಲಿ ಎರಡು ಬಗೆಯ ಪಯಣಗಳಿವೆ. ಕೆಲವು ವಸ್ತುಗಳು ಭೋಗದ ಸಾಮಗ್ರಿಗಳಾಗಿ ಹುಟ್ಟಿ ಜನಸಾಮಾನ್ಯರ ನಿತ್ಯದ ಅಗತ್ಯಗಳಾಗುತ್ತವೆ. ಇನ್ನು ಕೆಲವು ಅಗತ್ಯಗಳಾಗಿ ಬಾಳಿ ಕೊನೆಗೆ ಭೋಗದ ಸಾಮಗ್ರಿಗಳಾಗುತ್ತವೆ. ಮೊದಲನೆಯದಕ್ಕೆ ಕನ್ನಡ ನಾಡಿನಲ್ಲಿ ದೊರೆಯುವ ಶ್ರೇಷ್ಠ ನಿದರ್ಶನ ಕಾಫಿ. ಸೂಫಿ ಸಂತ ಬಾಬಾಬುಡನ್ ಅವರು 17ನೆಯ ಶತಮಾನದಲ್ಲಿ ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪರಂಪರೆಯ ನಂಬಿಕೆ. ಅಂದು ಅರಬ್ ವರ್ತಕರ ಕಾವಲಿನಲ್ಲಿದ್ದ ಆ ಬೀಜದ ಕಷಾಯ ಇಂದು ಪ್ರತಿ ಹಳ್ಳಿಯ ಹೋಟೆಲಿನಲ್ಲಿಯೂ ದೊರೆಯುತ್ತದೆ. ಎರಡನೆಯ ಬಗೆಗೆ ನಿದರ್ಶನ ಕೈಗಡಿಯಾರ. ಅದರ ಪಯಣವನ್ನು ಅರಿಯಲು ಈ ಬೆಟ್ಟಸಾಲಿನ ಹಳೆಯ ಚರಿತ್ರೆಯಿಂದಲೇ ಹೊರಡುವುದು ಸೂಕ್ತ.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಪ್ರಾಚೀನ ಸೊಸೆವೂರು. ಸುದತ್ತ ಮುನಿಗಳು 'ಹೊಯ್ ಸಳ' ಎಂದು ಆಜ್ಞಾಪಿಸಿದರೆಂಬ ಐತಿಹ್ಯವು ಹೊಯ್ಸಳರ ಮೂಲವನ್ನು ಈ ಊರಿನೊಡನೆ ಬೆಸೆದಿದೆ. ಇಲ್ಲಿನ ಬಸದಿಗಳು ಮಲೆನಾಡಿನ ಜೈನ ನೆಲೆಯ ಸಾಕ್ಷಿಗಳಾಗಿವೆ. ವಾಯವ್ಯಕ್ಕೆ ಸರಿದರೆ ಕಳಸ. ಅಲ್ಲಿಂದ ಘಟ್ಟವಿಳಿದರೆ ಕಾರ್ಕಳ. ಕಳಸ-ಕಾರ್ಕಳ ರಾಜ್ಯವನ್ನಾಳಿದ ಭೈರರಸರು ಜೈನರು. ಈ ವಂಶದ ವೀರಪಾಂಡ್ಯನೇ 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಈ ನೆಲದ ಶ್ರಾವಕರಿಗೆ ಕಾಲವೆಂಬುದು ತೊಡುವ ವಸ್ತುವಾಗಿರಲಿಲ್ಲ. ಅದು ಷಡ್ದ್ರವ್ಯಗಳಲ್ಲಿ ಒಂದಾಗಿತ್ತು.

ಜೈನಾಗಮಗಳ ವ್ಯವಹಾರಕಾಲದ ಗಣನೆ ಅತ್ಯಂತ ಸೂಕ್ಷ್ಮವಾದುದು. ಅವಿಭಾಜ್ಯವಾದ ಕಾಲಾಂಶವೇ 'ಸಮಯ'. ಅಸಂಖ್ಯಾತ ಸಮಯಗಳಿಂದ ಒಂದು ಆವಲಿ. ಸಂಖ್ಯಾತ ಆವಲಿಗಳಿಂದ ಒಂದು ಉಚ್ಛ್ವಾಸ. 7 ಉಚ್ಛ್ವಾಸಗಳಿಗೆ ಒಂದು ಸ್ತೋಕ. 7 ಸ್ತೋಕಗಳಿಗೆ ಒಂದು ಲವ. ಮೂವತ್ತೆಂಟೂವರೆ ಲವಗಳಿಗೆ ಒಂದು ನಾಲಿ. 2 ನಾಲಿಗಳಿಗೆ ಒಂದು ಮುಹೂರ್ತ. ಗುಣಿಸಿದರೆ ಒಂದು ಮುಹೂರ್ತಕ್ಕೆ 3773 ಉಚ್ಛ್ವಾಸಗಳಾಗುತ್ತವೆ. ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ರಚಿಸಿದ 'ಗೊಮ್ಮಟಸಾರ'ವು ಈ ಗಣನೆಯನ್ನು ನಿರೂಪಿಸುತ್ತದೆ. ಕೇಶವವರ್ಣಿಯು 1359ರಲ್ಲಿ ಅದಕ್ಕೆ ಕನ್ನಡ ವೃತ್ತಿಯನ್ನು ಬರೆದನು. ಮುಹೂರ್ತವೆಂದರೆ ಇಂದಿನ 48 ನಿಮಿಷ. ಸಾಮಾಯಿಕಕ್ಕೆ ರೂಢಿಯಲ್ಲಿರುವ ಅವಧಿಯೂ ಅದೇ. ಭಾಗಿಸಿ ನೋಡಿದರೆ ನಿಮಿಷಕ್ಕೆ ಸುಮಾರು 79 ಉಚ್ಛ್ವಾಸಗಳು. ಈ ಸಂಖ್ಯೆ ಮನುಷ್ಯನ ಉಸಿರಾಟಕ್ಕಿಂತ ನಾಡಿಬಡಿತಕ್ಕೆ ಹತ್ತಿರವಾಗಿರುವುದು ಗಮನಾರ್ಹ. ಮುಂದೆ ಕೈಗಡಿಯಾರ ಬಂದು ಕುಳಿತದ್ದು ಆ ನಾಡಿಯ ಮೇಲೆಯೇ.

ವ್ಯವಹಾರದಲ್ಲಿ ಕಾಲವನ್ನು ಅಳೆದದ್ದು ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು 24 ನಿಮಿಷಗಳಲ್ಲಿ ತುಂಬಿ ಮುಳುಗುತ್ತದೆ. ಹೀಗೆ 60 ಸಲ ಮುಳುಗಿದರೆ ಒಂದು ಅಹೋರಾತ್ರಿ. 'ಗಡಿಯಾರ' ಎಂಬ ಕನ್ನಡ ಪದವು ಈ ಘಟಿಕೆಯ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. 1587ರಲ್ಲಿ ಫೈಜಿಯು ಭಾಸ್ಕರಾಚಾರ್ಯನ 'ಲೀಲಾವತಿ'ಯನ್ನು ಪಾರಸಿಗೆ ಅನುವಾದಿಸಿದಾಗ ಮುನ್ನುಡಿಯಲ್ಲಿ ಒಂದು ದಂತಕಥೆಯನ್ನು ದಾಖಲಿಸಿದನು. ಮಗಳ ವಿವಾಹಲಗ್ನಕ್ಕಾಗಿ ಇರಿಸಿದ್ದ ಗಳಿಗೆ ಬಟ್ಟಲಿನೊಳಗೆ ಅವಳ ಒಡವೆಯ ಮುತ್ತೊಂದು ಉದುರಿ ರಂಧ್ರವನ್ನು ಮುಚ್ಚಿತು, ಲಗ್ನ ಮೀರಿಹೋಯಿತು. ಕಥೆಯ ಚಾರಿತ್ರಿಕತೆ ಏನೇ ಇರಲಿ, ಅದರ ಧ್ವನಿ ಅರ್ಥಪೂರ್ಣವಾಗಿದೆ. ಆಭರಣವು ಕಾಲಯಂತ್ರವನ್ನು ಹೊಕ್ಕೊಡನೆ ಯಂತ್ರ ಕಾಲವನ್ನು ತೋರುವುದನ್ನು ಮರೆಯಿತು.

ಆಧುನಿಕ ಗಡಿಯಾರವು ನಮ್ಮಲ್ಲಿ ಮೊದಲು ಸಾರ್ವಜನಿಕ ವಸ್ತುವಾಗಿ ನೆಲೆಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗಾಗಿ 1927ರಲ್ಲಿ ಮೈಸೂರಿನಲ್ಲಿ ಎದ್ದ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಅದನ್ನು ನೋಡಲು ಯಾರೂ ಹಣ ತೆರಬೇಕಿರಲಿಲ್ಲ. ಇದೇ ಸಾರ್ವಜನಿಕತೆಯನ್ನು ಮಣಿಕಟ್ಟಿಗೆ ತಂದದ್ದು ಬೆಂಗಳೂರಿನ ಎಚ್‌ಎಂಟಿ. 1953ರಲ್ಲಿ ಸ್ಥಾಪನೆಗೊಂಡ ಈ ಯಂತ್ರೋಪಕರಣ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಅದರ ಅತಿ ಜನಪ್ರಿಯ ಮಾದರಿಗೆ ಇಟ್ಟ ಹೆಸರು 'ಜನತಾ'. ಶಾಲಾ ಮಾಸ್ತರರು, ಗುಮಾಸ್ತರು, ರೈಲ್ವೆ ನೌಕರರು ಅದನ್ನು ಕಟ್ಟಿದರು. ಮದುವೆಯಲ್ಲಿ ಅಳಿಯನಿಗೆ ಕೊಡುವ ಉಡುಗೊರೆಯೂ ಅದೇ ಆಯಿತು. ಪ್ರತಿದಿನ ಬೆಳಗ್ಗೆ ಕೀಲಿ ಕೊಡುವುದು ಒಂದು ತಲೆಮಾರಿನ ನಿತ್ಯವಿಧಿಯಾಗಿತ್ತು.

ಇದೇ ವೇಳೆಗೆ ಜಗತ್ತಿನಲ್ಲಿ ಬೇರೆಯೇ ಪರಿವರ್ತನೆ ನಡೆಯಿತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. 1970ರ ಸುಮಾರಿಗೆ 90,000ದಷ್ಟು ಕಾರ್ಮಿಕರಿದ್ದ ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮವು ಮುಂದಿನ ಒಂದೂವರೆ ದಶಕದಲ್ಲಿ ಅದರ ಮೂರನೆಯ ಒಂದು ಭಾಗದಷ್ಟಕ್ಕೆ ಕುಸಿಯಿತು. ಅಲ್ಲಿ ಉಳಿದುಕೊಂಡವರು ಒಂದು ಪಾಠ ಕಲಿತರು: ನಿಖರತೆಯಲ್ಲಿ ಗೆಲ್ಲಲಾಗದ ಯಂತ್ರವನ್ನು ಕಲೆಯೆಂದು, ವಂಶಪಾರಂಪರ್ಯದ ಆಸ್ತಿಯೆಂದು ಮಾರಬೇಕು. ಸ್ವಿಸ್ ಪ್ರಮಾಣಪತ್ರ ಪಡೆದ ಯಾಂತ್ರಿಕ ಗಡಿಯಾರಕ್ಕೆ ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗಲು ಅನುಮತಿಯಿದೆ. ಕೆಲವೇ ನೂರು ರೂಪಾಯಿಗಳ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ತಪ್ಪುವುದು ಸುಮಾರು 15 ಸೆಕೆಂಡು. ಆದರೂ 2019ರ ನವೆಂಬರಿನಲ್ಲಿ ಜಿನೀವಾದ ಧರ್ಮಾರ್ಥ ಹರಾಜಿನಲ್ಲಿ ಪಾಟೆಕ್ ಫಿಲಿಪ್ ಕಂಪನಿಯ ಒಂದು ಕೈಗಡಿಯಾರ 3 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕುಗಳಿಗೆ ಮಾರಾಟವಾಯಿತು. ಬೆಲೆ ಏರಿದಂತೆ ಗಡಿಯಾರವು ಕಾಲಕ್ಕೆ ಹತ್ತಿರವಾಗುವುದಿಲ್ಲ. ಅದು ಹತ್ತಿರವಾಗುವುದು ಪ್ರತಿಷ್ಠೆಗೆ.

ಈ ಜಗತ್ತು ಕನ್ನಡ ನಾಡನ್ನು ತಟ್ಟಿದ ಎರಡು ಪ್ರಸಂಗಗಳು ವಿಚಾರಾರ್ಹವಾಗಿವೆ. ಮೊದಲನೆಯದು 2009ರ ಮಾರ್ಚಿನದು. ಗಾಂಧೀಜಿ ಬಳಸುತ್ತಿದ್ದ ಬೆಳ್ಳಿಯ ಜೆನಿತ್ ಜೇಬುಗಡಿಯಾರವನ್ನು, ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲುಗಳೊಡನೆ ನ್ಯೂಯಾರ್ಕಿನಲ್ಲಿ ಹರಾಜಿಗೆ ಇಡಲಾಯಿತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರುಗಳಿಗೆ ಅವುಗಳನ್ನು ಕೊಂಡರು. ಜೈನ ಸಾಧಕ ಶ್ರೀಮದ್ ರಾಜಚಂದ್ರರ ಪ್ರಭಾವಕ್ಕೊಳಗಾಗಿ ಅಪರಿಗ್ರಹವನ್ನು ಬದುಕಿದವರ ಗಡಿಯಾರವು ಅವರು ಪರಿಗ್ರಹವನ್ನು ಬಿಟ್ಟದ್ದರಿಂದಲೇ ಅಷ್ಟು ಬೆಲೆಯ ಪರಿಗ್ರಹವಾಯಿತು.

ಎರಡನೆಯದು 2016ರದು. ಆ ವರ್ಷದ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಮರು ತಿಂಗಳೇ ರಾಜ್ಯದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಧರಿಸಿದ್ದ ಸ್ವಿಸ್ ಹ್ಯೂಬ್ಲೋ ಕೈಗಡಿಯಾರದ ಬಗೆಗೆ ವಿವಾದ ಎದ್ದಿತು. ಅದರ ಬೆಲೆ ಸುಮಾರು 70 ಲಕ್ಷ ರೂಪಾಯಿಗಳೆಂದು ವಿರೋಧಿಗಳು ಆರೋಪಿಸಿದರು. ಅದು ವಿದೇಶದಲ್ಲಿರುವ ವೈದ್ಯಮಿತ್ರರ ಉಡುಗೊರೆಯೆಂದು ಮುಖ್ಯಮಂತ್ರಿಗಳು ತಿಳಿಸಿದರು. ಮಾರ್ಚ್ 2ರಂದು ಅವರು ಅದನ್ನು ವಿಧಾನಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ ಸರ್ಕಾರದ ಆಸ್ತಿಯಾಗಿಸಿದರು. 'ಜನತಾ' ಗಡಿಯಾರದ ಅಂತ್ಯವೂ ಈ ಚರ್ಚೆಯೂ ಒಂದೇ ಋತುವಿನಲ್ಲಿ ಸಂಭವಿಸಿದ್ದು ಕಾಕತಾಳೀಯವಿರಬಹುದು. ಆದರೆ ಚರಿತ್ರಕಾರನಿಗೆ ಅದೊಂದು ಯುಗಸಂಧಿ.

ಇಲ್ಲಿ ಏಳುವ ಪ್ರಶ್ನೆ ವ್ಯಕ್ತಿಗಳ ಗುಣದೋಷದ್ದಲ್ಲ, ದಾನದ ಸ್ವರೂಪದ್ದು. ಕನ್ನಡದ ದಾನಶಾಸನಗಳು ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದು ಏನು, ಯಾವ ಉದ್ದೇಶಕ್ಕೆ ಎಂಬುದನ್ನು ಕಲ್ಲಿನಲ್ಲಿ ಬಯಲಾಗಿ ಹೇಳುತ್ತವೆ. ಶಕವರ್ಷ, ತಿಥಿ, ವಾರಗಳೊಡನೆ ಕಾಲವನ್ನೂ ದಾಖಲಿಸುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳ ಸಂಪತ್ತು ಓದುಗರ ಕೈಸೇರಿತು. ಜೈನರ ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಪ್ರತಿಷ್ಠೆಯ ವಸ್ತುವಿಗೆ ಸ್ಥಳವಿಲ್ಲ. ಶಾಸನದ ಕ್ರಮದಲ್ಲಿ ದಾನ ಮೊದಲು ಬಯಲಾಗುತ್ತಿತ್ತು, ಪ್ರಶ್ನೆ ಆಮೇಲೆ ಬರುತ್ತಿತ್ತು. ನಮ್ಮ ಕಾಲದಲ್ಲಿ ಮೊದಲು ಪ್ರಶ್ನೆ, ಆಮೇಲೆ ದಾಖಲೆ.

ತತ್ತ್ವಾರ್ಥಸೂತ್ರಕಾರರು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ವಸ್ತುವಿನ ಮೇಲಣ ಮೂರ್ಛೆಯಲ್ಲಿ ಗುರುತಿಸುತ್ತಾರೆ. ಆದ್ದರಿಂದ ಸ್ವಿಸ್ ಕುಶಲಕರ್ಮಿಯ ಕೌಶಲ್ಯವನ್ನು ಹಳಿಯಬೇಕಾಗಿಲ್ಲ. 1801ರಲ್ಲಿ ಬ್ರೆಗೆ ಹಕ್ಕುಪತ್ರ ಪಡೆದ ಟೂರ್ಬಿಯಾನ್ ರಚನೆಯು, ಗುರುತ್ವದಿಂದಾಗುವ ತಪ್ಪನ್ನು ತಿದ್ದಲು ಹವಣಿಸಿದ ಮಾನವ ಮೇಧೆಯ ಸಾಧನೆಯೇ ಸರಿ. ಶ್ರಾವಕನಿಗೆ ವಿಧಿಸಿದ ಪರಿಗ್ರಹ ಪರಿಮಾಣ ವ್ರತವೂ ಸರ್ವತ್ಯಾಗವನ್ನು ಕೇಳುವುದಿಲ್ಲ. ತನ್ನ ಮಿತಿಯನ್ನು ತಾನೇ ಮೊದಲು ಹೇಳಿಕೊಳ್ಳಬೇಕೆನ್ನುತ್ತದೆ. ಕೊಂಡಷ್ಟೂ ಇನ್ನೊಂದಕ್ಕೆ ಆಸೆ ಹುಟ್ಟಿಸುವುದೇ ದುಬಾರಿ ಗಡಿಯಾರಗಳ ಮಾರುಕಟ್ಟೆಯ ಜೀವಾಳ. ಆ ವ್ರತದ ಎದುರು ನಿಲ್ಲುವುದು ಈ ಮಿತಿಯಿಲ್ಲದಿರುವಿಕೆ.

ಬಾಬಾಬುಡನ್‌ಗಿರಿಯ ಕಾಫಿ ಬೆಳೆಗಾರರಿಗೂ ಈ ಮಾತು ಹೊರತಲ್ಲ. 1994ರಲ್ಲಿ ಬ್ರೆಜಿಲ್ಲಿನಲ್ಲಿ ಹೆಪ್ಪುಗಟ್ಟಿದ ಇಬ್ಬನಿಯಿಂದ (ಫ್ರಾಸ್ಟ್) ಕಾಫಿಯ ಬೆಲೆ ದಿಢೀರನೆ ಏರಿತು. ಹೊಸ ಶತಮಾನದ ಆರಂಭದಲ್ಲಿ ಅಷ್ಟೇ ಆಳಕ್ಕೆ ಇಳಿಯಿತು. ಮಿತಿಯನ್ನು ಏರಿಕೆಯ ದಿನಗಳಲ್ಲಿಯೇ ನಿಶ್ಚಯಿಸಿಕೊಳ್ಳಬೇಕೆಂಬ ಪಾಠ ಅದರಲ್ಲಿದೆ. ಆ ತೋಟಗಳಲ್ಲಿ ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಇಡೀ ಬೆಟ್ಟ ಬೆಳ್ಳಗೆ ಅರಳುತ್ತದೆ. ಯಾವ ಗಡಿಯಾರವೂ ಆ ಹೊತ್ತನ್ನು ಮುಂದೂಡಲಾರದು, ಯಾವ ಬೆಲೆಯೂ ಅದನ್ನು ಕೊಳ್ಳಲಾರದು.