ಬೀಸುಕಲ್ಲಿನ ಸುತ್ತ ಒಂದು ಊರು

ವಿಜಯಪುರಕ್ಕೆ ನೆಂಟರು ಬಂದರೆ ಊರು ತೋರಿಸುವ ಪಾಳಿ ನನ್ನದು. ಬೆಳಗಿನ ತಂಪಿನಲ್ಲಿ ಗೋಲಗುಮ್ಮಟ, ಬಿಸಿಲೇರುವುದರೊಳಗೆ ಜುಮ್ಮಾ ಮಸೀದಿ, ಊಟವಾದ ಮೇಲೆ ಬಾರಾ ಕಮಾನ್, ಹೊತ್ತಿಳಿದಾಗ ಇಬ್ರಾಹಿಂ ರೋಜಾ. ಹೇಳಿ ಹೇಳಿ ಲೆಕ್ಕಗಳೆಲ್ಲ ಬಾಯಿಪಾಠವಾಗಿವೆ. ಗುಮ್ಮಟದ ಹೊರಗಿನ ಅಡ್ಡಳತೆ 44 ಮೀಟರ್. ಅದರಡಿ ಮಲಗಿದ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ. ಮಲಿಕ್-ಎ-ಮೈದಾನ ತೋಪಿನ ತೂಕ ಸುಮಾರು 55 ಟನ್, ಎರಕ ಹೊಯ್ದದ್ದು 1549ರಲ್ಲಿ, ಅಹ್ಮದನಗರದಲ್ಲಿ. ಒಮ್ಮೆ ಮೈಸೂರು ಕಡೆಯ ನೆಂಟರೊಬ್ಬರು ಇಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ರೋಜಾದ ಹೊರಗೆ ಚಹಾ ಕುಡಿಯುತ್ತ, “ಹಲಸಂಗಿ ಇದೇ ಜಿಲ್ಲೆಯಲ್ಲವೇ? ಅಲ್ಲಿ ನೋಡೋದಕ್ಕೆ ಏನಿದೆ?” ಎಂದರು. ನನ್ನ ಬಾಯಿಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ.

ಮರುದಿನ ಸೊಲ್ಲಾಪುರದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆವು. ಈ ಸೀಮೆಯಲ್ಲಿ ಕಣ್ಣಿಗೆ ಅಡ್ಡ ಬರುವಂಥದ್ದು ಕಡಿಮೆ. ಎರಿಹೊಲ, ಹಿಂಗಾರಿಯ ಬಿಳಿಜೋಳ, ನಡುನಡುವೆ ಲಿಂಬೆ ತೋಟ. ಇನ್ನೂ ಮುಂದಕ್ಕೆ ಹೋದರೆ ಭೀಮಾ ಹೊಳೆ, ಮಹಾರಾಷ್ಟ್ರದ ಗಡಿ. 1956ರ ತನಕ ಈ ನೆಲವೂ ಮುಂಬೈ ಆಡಳಿತದಲ್ಲೇ ಇತ್ತು. ಹಲಸಂಗಿ ಬಹುಕಾಲ ಇಂಡಿ ತಾಲ್ಲೂಕಿನ ಹಳ್ಳಿ, ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಪೇಟೆಗೆ ಮರಾಠಿ, ದೊಡ್ಡ ಕಚೇರಿಗೆ ಇಂಗ್ಲಿಷು, ಮನೆಯೊಳಗೆ ಕನ್ನಡ ಎಂಬ ಕಾಲದಲ್ಲಿ ಈ ಊರಿನ ಹೆಸರು ಕನ್ನಡನಾಡಿಗೆಲ್ಲ ಕೇಳಿಸಿತು.

ಈ ಕಡೆ ಹಳೆಯದೆಂದರೆ ಆದಿಲ್‌ಶಾಹಿಯೇ ಎಂದುಕೊಂಡವರಿಗೆ ನಾನು ಇಂಡಿ ಸಮೀಪದ ಸಾಲೋಟಗಿಯ ಹೆಸರು ಹೇಳುತ್ತೇನೆ. ಅಲ್ಲಿ ಸಿಕ್ಕ ಕಂಬದ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಊರಿನ ಆಗಿನ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ದೂರದೂರಿನಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ದೀಪದೆಣ್ಣೆಗೆ 12 ನಿವರ್ತನ ಭೂಮಿ, ಗುರುವಿಗೆ 50 ನಿವರ್ತನ. ಇಷ್ಟು ಸಾಲದೆಂದು ಊರವರ ಮೇಲೂ ಪಾಲು ಹಾಕಿದ್ದರು: ಮದುವೆಗೆ 5 ನಾಣ್ಯ, ಮುಂಜಿವೆಗೆ ಎರಡೂವರೆ, ಜವಳಕ್ಕೆ ಒಂದೂವರೆ. ಮದುವೆ ಚಪ್ಪರದ ಖರ್ಚಿನಲ್ಲಿ ವಿದ್ಯೆಯ ಪಾಲನ್ನು ಎತ್ತಿಟ್ಟ ಊರು ಅದು. ಆ ಮದುವೆಯಲ್ಲಿ ತವರು ಬಿಟ್ಟು ಹೊರಟ ಹುಡುಗಿಯ ಸುದ್ದಿ ಮಾತ್ರ ಕಂಬದಲ್ಲಿ ಇಲ್ಲ. ಅದು ಸಿಗುವುದು ಹಲಸಂಗಿಯಲ್ಲಿ.

ಹಲಸಂಗಿಯಲ್ಲಿ ಟಿಕೀಟು ಕೊಡುವ ಕಿಟಕಿ ಇಲ್ಲ, ಹೆಗಲಿಗೆ ಬೀಳುವ ಗೈಡುಗಳಿಲ್ಲ. ನೆಂಟರು ಕ್ಯಾಮೆರಾ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ನಾನು ಅವರಿಗೆ ತೋರಿಸಿದ್ದು ಒಂದು ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಬೀಸುಕಲ್ಲಿನ ಮೇಲಿನ ಪಾಲು. ಕಾಳು ಸುರಿಯುವ ನಡುವಿನ ಬಾಯಿ, ಗೂಟ ಕೂಡಿಸುವ ತೂತು, ಒಳಮೈಯಲ್ಲಿ ಅರ್ಧ ಸವೆದ ಉಳಿಯ ಕಚ್ಚುಗಳು. ಗೂಟ ಇರಲಿಲ್ಲ. ಯಾರೋ ಅದರ ಮೇಲೆ ಬಟ್ಟೆ ಒಗೆದು, ಸಾಬೂನಿನ ಬಿಳಿ ಕಲೆ ಉಳಿದಿತ್ತು. “ಇದೇ ಇಲ್ಲಿನ ಗುಮ್ಮಟ” ಎಂದೆ. ಅವರು ನಕ್ಕರು. ನಾನು ಕತೆ ಶುರುಮಾಡಿದೆ.

1920ರ ದಶಕದಲ್ಲಿ ಈ ಊರಿನಲ್ಲಿ ಕೆಲವು ಹುಡುಗರು ಕೂಡಿಕೊಂಡರು. ಒಬ್ಬರು ಚೆನ್ನಮಲ್ಲಪ್ಪ ಗಲಗಲಿ, ಮುಂದೆ ಮಧುರಚೆನ್ನ (1903–1953). ಚಡಚಣದಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣ ಶಾಲೆಯ ಮಾಸ್ತರರು. ಪಿ. ಧೂಲಾಸಾಹೇಬ ಮತ್ತು ಕಾಪಸೆ ರೇವಪ್ಪ ಇನ್ನಿಬ್ಬರು. ದೊಡ್ಡ ಕಾಲೇಜಿನ ಬೆಂಬಲವಾಗಲಿ ಪೇಟೆಯ ಪ್ರಕಾಶಕರಾಗಲಿ ಇವರ ಹಿಂದಿರಲಿಲ್ಲ. ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದುದನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು, ಬಿ.ಎಂ. ಶ್ರೀಕಂಠಯ್ಯನವರು ಮುನ್ನುಡಿ ಬರೆದರು. ಬೆನ್ನಿಗೇ 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’. ಮೊದಲ ಪುಸ್ತಕ ಹೊರಬಂದಾಗ ಮಧುರಚೆನ್ನರಿಗೆ 28, ಲಿಂಗಣ್ಣನವರಿಗೆ 26 ವರ್ಷ. ನಾಡು ಇವರನ್ನು ‘ಹಲಸಂಗಿ ಗೆಳೆಯರು’ ಎಂದು ಕರೆಯಿತು. ಊರಿನ ಹೆಸರೇ ಮನೆತನದ ಹೆಸರಾದಂತಾಯಿತು.

ಲಾವಣಿಗೂ ಇಲ್ಲಿ ನೆಲವಿತ್ತು. ಗಂಡು ಹೆಚ್ಚೆಂದು ಹರದೇಶಿ, ಹೆಣ್ಣು ಹೆಚ್ಚೆಂದು ನಾಗೇಶಿ, ಎರಡು ಮೇಳಗಳು ಡಪ್ಪು ಹಿಡಿದು ಬೆಳತನಕ ವಾದಕ್ಕೆ ನಿಲ್ಲುವ ಸೀಮೆ ಇದು. ಲಾವಣಿಕಾರ ಖಾಜಾಭಾಯಿ ಈ ಊರಿನವರೇ. ಧಾರವಾಡದಿಂದ ಬೇಂದ್ರೆಯವರು ಈ ಗೆಳೆಯರ ಬಳಗಕ್ಕೆ ಆಪ್ತರಾದರು. ಅರವಿಂದರ ಸಾಧನೆಯ ದಾರಿ ಹಿಡಿದ ಮಧುರಚೆನ್ನರ ಒಡನಾಟ ಬೇಂದ್ರೆಯವರ ಮೇಲೂ ಗುರುತು ಬಿಟ್ಟಿತು. ಮಾಸ್ತರಿಕೆ ಮಾಡಿದ ಸಿಂಪಿ ಲಿಂಗಣ್ಣನವರು ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗುವ ತನಕ ಬದುಕಿದರು.

“ಹಾಡು ಕಟ್ಟಿದವರ ಹೆಸರು?” ಎಂದು ನೆಂಟರು ಕೇಳಿದರು. ಪುಸ್ತಕದ ಮೇಲಿರುವುದು ಕೂಡಿಸಿದವರ ಹೆಸರು. ಹಾಡಿದವರಿಗೆಲ್ಲ ಸೇರಿ ಇರುವುದು ಒಂದೇ ಹೆಸರು, ಗರತಿ. ಇದೇ ಜಿಲ್ಲೆಯಲ್ಲಿ ರಾಜನೊಬ್ಬನೂ ಹಾಡು ಕಟ್ಟಿದ್ದ. ರೋಜಾದಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ದಖನಿಯಲ್ಲಿ ‘ಕಿತಾಬ್-ಎ-ನವರಸ’ ಬರೆದು ಸರಸ್ವತಿಯನ್ನು ಹೊಗಳಿದವನು. ಅವನ ಹಾಡಿಗೆ ರಾಗದ ಹೆಸರಿದೆ, ಒಡೆಯನ ಹೆಸರಿದೆ. ಬೀಸುವವಳ ಹಾಡಿಗೆ ಇದ್ದದ್ದು ಕಲ್ಲಿನ ಸುತ್ತು ಮಾತ್ರ.

ಆದರೆ ಆ ಸುತ್ತಿಗೆ ಒಂದು ಕಟ್ಟಡವಿದೆ, ಅದು ಗುಮ್ಮಟಕ್ಕಿಂತ ಹಳೆಯದು. ತ್ರಿಪದಿ ಮೂರು ಸಾಲಿನ ಹಾಡು. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಕೊನೆಯದಕ್ಕೆ ಮೂರು, ಒಟ್ಟು 11. ಆರನೆಯದೂ ಹತ್ತನೆಯದೂ ಗಿಡ್ಡ ಗಣಗಳು. ಅಲ್ಲಿ ಉಸಿರು ತಗ್ಗುತ್ತದೆ. ಎರಡನೆಯ ಸಾಲಿನ ತುದಿಯನ್ನು ಮರಳಿ ಹಾಡಿ ಮೂರನೆಯದಕ್ಕೆ ಇಳಿಯುವಷ್ಟರಲ್ಲಿ ಬಲಗೈ ಗೂಟ ತಿರುಗಿಸುತ್ತದೆ, ಎಡಗೈ ಇನ್ನೊಂದು ಮುಕ್ಕು ಜೋಳ ಹಾಕುತ್ತದೆ. ಇದೇ ತ್ರಿಪದಿ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಶಾಸನದಲ್ಲಿ ನಿಂತಿದೆ, ಸುಮಾರು ಕ್ರಿ.ಶ. 700ರದು. 1997ರ ತನಕ ಬಾದಾಮಿಯೂ ನಮ್ಮದೇ ಜಿಲ್ಲೆ. ಒಳ್ಳೆಯವರಿಗೆ ಒಳ್ಳೆಯವನು, ಕೆಟ್ಟವರಿಗೆ ಕೆಟ್ಟವನು ಎಂದು ಗಂಡಸಿನ ಬಿರುದು ಹೊತ್ತು ಬಂಡೆಯ ಮೇಲೆ ಉಳಿದ ಛಂದಸ್ಸು, ಕೂಸಿನ ಅಳು, ಅಣ್ಣನ ಹಾದಿ, ತವರಿನ ಹಂಬಲ ಹೊತ್ತು ಹೆಂಗಸರ ಬಾಯಲ್ಲಿ ಉಳಿಯಿತು. ರಾಷ್ಟ್ರಕೂಟರು ಹೋದರು, ಆದಿಲ್‌ಶಾಹಿ 1686ರಲ್ಲಿ ಔರಂಗಜೇಬನ ಕೈಗೆ ಬಿತ್ತು, ಕುಂಪಣಿ ಬಂತು. ಹಿಟ್ಟು ಮಾತ್ರ ಪ್ರತಿ ನಸುಕಿಗೂ ಬೇಕಿತ್ತು. ಈ ಸೀಮೆಯ ಹಳೆಯ ಕಟ್ಟಡ ಯಾವುದೆಂದು ಯಾರಾದರೂ ಕೇಳಿದರೆ ನಾನೀಗ ಆ ಮೂರು ಸಾಲಿನ ಕಡೆ ಬೆರಳು ಮಾಡುತ್ತೇನೆ.

ಆ ಹಾಡನ್ನು ನಿಲ್ಲಿಸಿದ್ದು ದಂಡಲ್ಲ, ಹಿಟ್ಟಿನ ಗಿರಣಿ. ಗಿರಣಿಯಿಂದ ಹೆಂಗಸಿನ ರಟ್ಟೆಗೆ ಬಿಡುವು ಸಿಕ್ಕಿತು. ಅದನ್ನು ಕೆಡುಕೆಂದವರು ಒಂದು ದಿನವಾದರೂ ಸೇರು ಜೋಳ ಬೀಸಿ ನೋಡಲಿ. ಕಲ್ಲು ನಿಂತದ್ದರಿಂದ ಹಾಡೂ ನಿಂತಿತು. ಹಲಸಂಗಿ ಗೆಳೆಯರು ಬರೆದುಕೊಂಡದ್ದು ಕಲ್ಲು ಇನ್ನೂ ತಿರುಗುತ್ತಿದ್ದಾಗ.

ಊರಿಗೆ ಮರಳಿದ ಮೇಲೆ ನಮ್ಮ ಆಯಿಯ ಮುಂದೆ ಮೊಬೈಲು ಹಿಡಿದು ಕೂತೆ. “ಆಯಿ, ಬೀಸೂ ಪದ ಒಂದ ಹಾಡು.”

“ಸುಮ್ನ ಕುಂತು ಹಾಡಾಕ ನಾ ಏನ್ ರೇಡಿಯೋ ಏನೋ ಎಪ್ಪಾ? ಕಲ್ಲ ತಿರಗಿದ್ರ ಬರ್ತಾವ, ಇಲ್ಲಂದ್ರ ಇಲ್ಲ.”

ಹಿತ್ತಲಿನಿಂದ ಕಲ್ಲು ತಂದು, ತೊಳೆದು, ಗೂಟಕ್ಕೆ ಹಳೆಯ ಕುಡಗೋಲಿನ ಹಿಡಿಕೆ ಕೆತ್ತಿ ಕೂಡಿಸಿದೆವು. ಆಯಿ ಒಂದು ಮುಕ್ಕು ಜೋಳ ಹಾಕಿ ಕಾಲು ಚಾಚಿದಳು. ನಾಲ್ಕನೆಯ ಸುತ್ತಿಗೆ ಹಾಡು ತಾನಾಗಿ ಬಂತು. ಸಂಜೆ ಕೇಳಿ ನೋಡಿದರೆ ರೆಕಾರ್ಡಿನಲ್ಲಿ ಆಯಿಯ ದನಿಗಿಂತ ಕಲ್ಲಿನ ಸದ್ದೇ ಜೋರಾಗಿತ್ತು. ಎಷ್ಟೋ ಮಾತು ತಿಳಿಯುವುದೇ ಇಲ್ಲ. ಮತ್ತೊಮ್ಮೆ ಸರಿಯಾಗಿ ಹಾಡಿಸೋಣವೆಂದು ಮೊದಲು ಅನಿಸಿತು. ಆಮೇಲೆ ಬಿಟ್ಟೆ. ಹಾಡಿನ ಮಾತು ಬೇಕಾದರೆ 1931ರ ಪುಸ್ತಕವಿದೆ. ಅದರಲ್ಲಿಲ್ಲದ್ದು ಈ ಸದ್ದು.