ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮುನ್ನ ಉಂಟಾಗುವ ಆತಂಕ: ರೋಗಿಗಳು ಹಾಗೂ ಕುಟುಂಬದವರಿಗೆ ಮಾಹಿತಿ

ಪೀಠಿಕೆ

ಕ್ಯಾನ್ಸರ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯ ಮೂಲಕ ತೆಗೆಯಬೇಕೆಂದು ವೈದ್ಯರು ತಿಳಿಸಿದ ದಿನದಿಂದ ಶಸ್ತ್ರಚಿಕಿತ್ಸೆಯ ದಿನದವರೆಗಿನ ಅವಧಿಯು ರೋಗಿಗೂ ಕುಟುಂಬಕ್ಕೂ ಕಠಿಣವಾದುದು. ನಿದ್ರೆ ಬಾರದಿರುವುದು, ಎದೆಬಡಿತ ಹೆಚ್ಚುವುದು, ಊಟ ಸೇರದಿರುವುದು, ಅಂಗೈ ಬೆವರುವುದು, ಸಣ್ಣ ವಿಷಯಕ್ಕೂ ಸಿಟ್ಟು ಬರುವುದು ಆತಂಕದ ಸಾಮಾನ್ಯ ಲಕ್ಷಣಗಳಾಗಿವೆ. ಇವು ಮನೋದೌರ್ಬಲ್ಯದ ಸೂಚನೆಗಳಲ್ಲ. ಆದರೆ ಭಯದಿಂದಾಗಿ ನಿಗದಿತ ದಿನಾಂಕದಂದು ಆಸ್ಪತ್ರೆಗೆ ಹಾಜರಾಗದೆ ಉಳಿದಲ್ಲಿ ರೋಗವು ಮುಂದಿನ ಹಂತಕ್ಕೆ ಹೋಗುವ ಸಂಭವವಿರುತ್ತದೆ. ಆದುದರಿಂದ ಆತಂಕವನ್ನು ಮುಚ್ಚಿಡದೆ ಚಿಕಿತ್ಸಾ ತಂಡಕ್ಕೆ ತಿಳಿಸುವುದು ಅತ್ಯಗತ್ಯ.

ಆತಂಕದ ಪ್ರಮುಖ ಕಾರಣಗಳು

1. ಅರಿವಳಿಕೆಯ ಭಯ: ಮತ್ತೆ ಎಚ್ಚರವಾಗುವುದೋ ಇಲ್ಲವೋ ಎಂಬ ಶಂಕೆ ಬಹಳ ಜನರಲ್ಲಿರುತ್ತದೆ. ಅರಿವಳಿಕೆ ತಜ್ಞರು ಮುಂಚಿತವಾಗಿಯೇ ರೋಗಿಯನ್ನು ಪರೀಕ್ಷಿಸುತ್ತಾರೆ. ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತೂ ನಾಡಿ, ರಕ್ತದೊತ್ತಡ ಮತ್ತು ರಕ್ತದಲ್ಲಿನ ಆಮ್ಲಜನಕದ ಮೇಲೆ ನಿಗಾ ಇಡಲಾಗುತ್ತದೆ.

2. ನೋವಿನ ಭಯ: ಶಸ್ತ್ರಚಿಕಿತ್ಸೆಯ ನಂತರ ನೋವುನಿವಾರಕಗಳನ್ನು ನೀಡಲಾಗುತ್ತದೆ. ನೋವನ್ನು ಸಹಿಸಿಕೊಂಡು ಸುಮ್ಮನಿರದೆ ದಾದಿಯರಿಗೆ ತಿಳಿಸತಕ್ಕದ್ದು.

3. ಅಂಗಹಾನಿಯ ಚಿಂತೆ: ಸ್ತನ, ನಾಲಿಗೆ, ದವಡೆ ಅಥವಾ ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಈ ಚಿಂತೆ ಹೆಚ್ಚು. ಪುನಾರಚನೆ, ಕೃತಕ ಅಂಗ, ಮಾತಿನ ತರಬೇತಿ ಮತ್ತು ವ್ಯಾಯಾಮ ಚಿಕಿತ್ಸೆಯ ಬಗ್ಗೆ ಮೊದಲೇ ವಿಚಾರಿಸುವುದು ಸೂಕ್ತ.

4. ತಪ್ಪು ನಂಬಿಕೆ: "ಗಡ್ಡೆಗೆ ಕತ್ತಿ ತಾಗಿಸಿದರೆ ರೋಗ ಮೈಯೆಲ್ಲಾ ಹರಡುತ್ತದೆ" ಎಂಬ ಮಾತಿನಿಂದ ಅನೇಕರು ಚಿಕಿತ್ಸೆಯಿಂದ ಹಿಂದೆ ಸರಿಯುತ್ತಾರೆ. ಆರಂಭಿಕ ಹಂತದ ಬಹುತೇಕ ಗಡ್ಡೆಗಳಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆಯಾಗಿರುತ್ತದೆ.

ರೋಗಿಗೆ ವಿಷಯ ತಿಳಿಸುವುದು ಮತ್ತು ಒಪ್ಪಿಗೆ ಪತ್ರ

"ರೋಗಿಗೆ ಹೇಳಬೇಡಿ, ಎದೆ ಒಡೆದುಕೊಂಡಾರು" ಎಂದು ಕುಟುಂಬದವರು ವೈದ್ಯರನ್ನು ಕೋರುವುದುಂಟು. ಇದು ಪ್ರೀತಿಯಿಂದಲೇ ಬಂದ ಮಾತಾದರೂ, ಪಿಸುಮಾತು ಮತ್ತು ಮೌನಗಳಿಂದ ರೋಗಿಯು ಇನ್ನೂ ಹೆಚ್ಚಿನದನ್ನು ಊಹಿಸಿಕೊಂಡು ಒಂಟಿಯಾಗಿ ಭಯಪಡುವ ಸಾಧ್ಯತೆ ಇರುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದು ಸರಿಯಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ ಮತ್ತು ಪರ್ಯಾಯಗಳನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂದೂ, ನಿರ್ಧಾರ ಕೈಗೊಳ್ಳಲು ಶಕ್ತರಾದ ವಯಸ್ಕ ರೋಗಿಯ ಬದಲಿಗೆ ಸಂಬಂಧಿಕರು ನೀಡಿದ ಒಪ್ಪಿಗೆ ಸಾಲದೆಂದೂ ಸ್ಪಷ್ಟಪಡಿಸಿದೆ. ಒಪ್ಪಿಗೆ ಪತ್ರವನ್ನು ಓದಿಸಿಕೊಂಡು, ಅರ್ಥವಾಗದ ಅಂಶವನ್ನು ಕೇಳಿ ತಿಳಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.

ವೈದ್ಯರನ್ನು ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆಗಳನ್ನು ಮನೆಯಲ್ಲಿಯೇ ಒಂದು ಹಾಳೆಯಲ್ಲಿ ಬರೆದುಕೊಂಡು ಬರುವುದು ಒಳ್ಳೆಯದು.

ಅ) ಯಾವ ಭಾಗವನ್ನು, ಎಷ್ಟು ತೆಗೆಯಲಾಗುವುದು?
ಆ) ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕಾಗುತ್ತದೆ?
ಇ) ಊಟ, ಮಾತು, ನಡೆದಾಟ, ದುಡಿಮೆ ಯಾವಾಗ ಸಾಧ್ಯ?
ಈ) ನಂತರ ಕೀಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆ ಬೇಕಾಗುವುದೇ?

ರೋಗಿಗಳು ಅನುಸರಿಸಬೇಕಾದ ಕ್ರಮಗಳು

1. ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಂಡು, ಅದಕ್ಕಿಂತ ನಿಧಾನವಾಗಿ ಬಿಡುವುದನ್ನು ದಿನಕ್ಕೆ ಎರಡು ಮೂರು ಬಾರಿ ಕೆಲವು ನಿಮಿಷ ಅಭ್ಯಾಸ ಮಾಡುವುದು.
2. ವೈದ್ಯರು ಅನುಮತಿಸಿದಲ್ಲಿ ಪ್ರತಿದಿನ ನಡೆಯುವುದು. ಭಜನೆ, ಪ್ರಾರ್ಥನೆ, ಸಂಗೀತ, ಕೈಕೆಲಸ ಮುಂತಾದ ಎಂದಿನ ರೂಢಿಗಳನ್ನು ಮುಂದುವರಿಸುವುದು.
3. ಬೀಡಿ, ಸಿಗರೇಟು, ಗುಟ್ಕಾ ಮತ್ತು ಮದ್ಯಪಾನದ ಅಭ್ಯಾಸವನ್ನು ವೈದ್ಯರಿಂದ ಮರೆಮಾಚದಿರುವುದು. ಧೂಮಪಾನ ನಿಲ್ಲಿಸಿದಲ್ಲಿ ಶ್ವಾಸಕೋಶದ ತೊಂದರೆ ಕಡಿಮೆಯಾಗಿ ಗಾಯ ಬೇಗ ಮಾಯುತ್ತದೆ. ಪ್ರತಿದಿನ ಮದ್ಯ ಸೇವಿಸುವವರು ವೈದ್ಯರ ಸಲಹೆಯಂತೆಯೇ ನಿಲ್ಲಿಸತಕ್ಕದ್ದು.
4. ನಿದ್ರೆ ಮಾತ್ರೆಗಳನ್ನು ಸ್ವಂತವಾಗಿ ಸೇವಿಸದಿರುವುದು. ನಾಟಿ ಔಷಧಿ ಸೇರಿದಂತೆ ಎಲ್ಲಾ ಔಷಧಿಗಳ ವಿವರವನ್ನು ಅರಿವಳಿಕೆ ತಜ್ಞರಿಗೆ ನೀಡುವುದು.
5. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ಊಟ ಮತ್ತು ನೀರಿನ ಬಗ್ಗೆ ನೀಡಿದ ಸೂಚನೆಯನ್ನು ತಪ್ಪದೆ ಪಾಲಿಸುವುದು.

ಕುಟುಂಬದವರ ಗಮನಕ್ಕೆ

"ಏನೂ ಆಗುವುದಿಲ್ಲ, ಸುಮ್ಮನಿರು" ಎಂದು ಮಾತು ಮುಗಿಸುವುದಕ್ಕಿಂತ, ರೋಗಿಯ ಮಾತನ್ನು ತಾಳ್ಮೆಯಿಂದ ಆಲಿಸುವುದು ಹೆಚ್ಚು ಉಪಯುಕ್ತ. ಇದೇ ರೋಗದಿಂದ ಮೃತಪಟ್ಟವರ ಪ್ರಸ್ತಾಪವನ್ನು ರೋಗಿಯ ಮುಂದೆ ಮಾಡದಂತೆ ಭೇಟಿಗೆ ಬರುವವರಿಗೆ ತಿಳಿಸತಕ್ಕದ್ದು. ಮಕ್ಕಳು, ದನಕರು, ಹೊಲಮನೆಗಳ ಜವಾಬ್ದಾರಿಯನ್ನು ಯಾರು ವಹಿಸಿಕೊಳ್ಳುವರೆಂದು ಮೊದಲೇ ನಿರ್ಧರಿಸಿದಲ್ಲಿ ರೋಗಿಯ ಚಿಂತೆ ಅರ್ಧದಷ್ಟು ಇಳಿಯುತ್ತದೆ.

ವೆಚ್ಚದ ಬಗ್ಗೆ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ, ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ಯೋಜನೆಯ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ. ಪಡಿತರ ಚೀಟಿ, ಆಧಾರ್ ಕಾರ್ಡ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದೊಂದಿಗೆ, ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಭೇಟಿ ಮಾಡತಕ್ಕದ್ದು.

ತಜ್ಞರ ನೆರವು ಯಾವಾಗ?

ಸತತ ಹಲವು ರಾತ್ರಿ ನಿದ್ರೆ ಬಾರದಿದ್ದಲ್ಲಿ, ಆಹಾರ ಬಿಟ್ಟಲ್ಲಿ, ಚಿಕಿತ್ಸೆಯೇ ಬೇಡವೆಂದು ಹಠ ಹಿಡಿದಲ್ಲಿ ಅಥವಾ ಬದುಕುವುದೇ ಬೇಡವೆಂಬ ಮಾತನಾಡಿದಲ್ಲಿ ತಡಮಾಡದೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸತಕ್ಕದ್ದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಆಪ್ತ ಸಮಾಲೋಚನೆ ಪಡೆಯಬಹುದಾಗಿದೆ. ರೋಗಿಗಳಲ್ಲದೆ ಅವರನ್ನು ನೋಡಿಕೊಳ್ಳುವವರೂ ಈ ಸೌಲಭ್ಯವನ್ನು ಬಳಸಿಕೊಳ್ಳಬಹುದು.

ದಿನಾಂಕವನ್ನು ಮುಂದೂಡಬೇಕೆನಿಸಿದಲ್ಲಿ ಮನೆಯಲ್ಲಿಯೇ ಉಳಿಯದೆ, ಮೊದಲು ವೈದ್ಯರೊಂದಿಗೆ ಮಾತನಾಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.